ರಕ್ತದ ವರದಿ ಮಗುವಿನ ಕಣ್ಣಿನ ಬಗ್ಗೆ ಎಷ್ಟು ಹೇಳಬಲ್ಲದು?

ಪ್ರಶ್ನೆ: ನನ್ನ ಮಗಳಿಗೆ ಈಗ 12 ವರ್ಷ. ಏಳನೆಯ ವಯಸ್ಸಿನಲ್ಲಿ ಟೈಪ್ 1 ಮಧುಮೇಹ ಪತ್ತೆಯಾಯಿತು. ದಿನಕ್ಕೆ ನಾಲ್ಕು ಸಲ ಇನ್ಸುಲಿನ್ ಕೊಡುತ್ತೇವೆ. ಮನೆಯ ಗ್ಲುಕೋಮೀಟರ್‌ನಲ್ಲಿ ಹೆಚ್ಚಾಗಿ 160–170 ಬರುತ್ತದೆ, ಆದರೆ ಈ ಸಲದ ಎಚ್‌ಬಿಎ1ಸಿ 9.2 ಬಂದಿದೆ. ಹಿಮೋಗ್ಲೋಬಿನ್ 9.1. ಕಣ್ಣಿಗೆ ಹನಿ ಹಾಕಿಸಿ ರೆಟಿನಾ ಪರೀಕ್ಷೆ ಮಾಡಿಸಿ ಎಂದು ವೈದ್ಯರು ಹೇಳಿದ್ದಾರೆ. ಮಗಳಿಗೆ ಹನಿ ಎಂದರೆ ಭಯ. ಸಿಆರ್‌ಪಿ, ವಿಇಜಿಎಫ್ ಮುಂತಾದ ಪ್ರೊಟೀನುಗಳನ್ನು ರಕ್ತದಲ್ಲಿ ಅಳೆದರೆ ಕಣ್ಣಿನ ತೊಂದರೆ ಮೊದಲೇ ತಿಳಿಯುತ್ತದೆ ಎಂದು ಓದಿದೆ. ಆ ಪರೀಕ್ಷೆಗಳನ್ನು ಮಾಡಿಸಿ, ಕಣ್ಣಿನ ಪರೀಕ್ಷೆಯನ್ನು ಸದ್ಯ ಮುಂದೂಡಬಹುದೇ? ಇತ್ತೀಚೆಗೆ ಶಾಲೆಯಲ್ಲಿ ಬೋರ್ಡ್ ಮಸುಕಾಗಿ ಕಾಣುತ್ತದೆ ಎಂದೂ ಹೇಳುತ್ತಿದ್ದಾಳೆ.
— ಒಬ್ಬ ತಾಯಿ, ಹಾಸನ ಜಿಲ್ಲೆ

ಉತ್ತರ: ಮುಂದೂಡಬೇಡಿ. ಮಧುಮೇಹವಿರುವ ಮಗುವಿನ ರೆಟಿನಾ, ಅಂದರೆ ಅಕ್ಷಿಪಟಲ, ಹಾನಿಗೊಳಗಾಗುವ ಅಪಾಯ ಎಷ್ಟಿದೆ ಎಂಬುದನ್ನು ರಕ್ತದ ಕೆಲವು ಪರೀಕ್ಷೆಗಳು ಅಂದಾಜಿಸಬಲ್ಲವು, ಆದರೆ ಹಾನಿ ಆಗಿದೆಯೇ ಇಲ್ಲವೇ ಎಂಬುದನ್ನು ಹೇಳುವ ರಕ್ತ ಪರೀಕ್ಷೆ ಇಂದಿನವರೆಗೆ ದಿನನಿತ್ಯದ ಚಿಕಿತ್ಸೆಗೆ ಬಂದಿಲ್ಲ. ಎಷ್ಟು ಮಳೆ ಬಿತ್ತೆಂಬ ಲೆಕ್ಕ ಕೈಯಲ್ಲಿದ್ದರೂ ಕೆರೆಯ ಏರಿ ಬಿರುಕು ಬಿಟ್ಟಿದೆಯೇ ಎಂದು ತಿಳಿಯಲು ಏರಿಯ ಮೇಲೆ ನಡೆದೇ ನೋಡಬೇಕಾಗುತ್ತದೆ. ರಕ್ತದ ವರದಿಗೂ ಕಣ್ಣಿನ ಪರೀಕ್ಷೆಗೂ ಇರುವ ಸಂಬಂಧ ಅಂಥದ್ದು. ನಿಮ್ಮ ಪತ್ರದಲ್ಲಿ ನನ್ನ ಗಮನ ಸೆಳೆದದ್ದು ವಿಇಜಿಎಫ್‌ಗಿಂತ ಹೆಚ್ಚಾಗಿ, ನೀವು ಒಂದೇ ಮಾತಿನಲ್ಲಿ ದಾಟಿಬಿಟ್ಟ ಹಿಮೋಗ್ಲೋಬಿನ್ 9.1. ಅದರ ಬಗ್ಗೆ ಮುಂದೆ ವಿವರವಾಗಿ ಬರೆಯುತ್ತೇನೆ.

ರಕ್ತದಲ್ಲಿ ಸಕ್ಕರೆ ವರ್ಷಗಟ್ಟಲೆ ಹೆಚ್ಚಾಗಿದ್ದರೆ ರೆಟಿನಾದ ಅತಿ ಸಣ್ಣ ರಕ್ತನಾಳಗಳ ಗೋಡೆಗೆ ಆಸರೆಯಾಗಿರುವ ಜೀವಕೋಶಗಳು ನಶಿಸತೊಡಗುತ್ತವೆ. ಆಸರೆ ತಪ್ಪಿದ ಕಡೆ ಗೋಡೆ ಸಣ್ಣ ಗುಳ್ಳೆಯಂತೆ ಉಬ್ಬುತ್ತದೆ. ನೇತ್ರ ವೈದ್ಯರು ಕಣ್ಣಿನೊಳಗೆ ನೋಡಿದಾಗ ಮೊಟ್ಟಮೊದಲು ಕಾಣುವ ಕೆಂಪು ಚುಕ್ಕೆಗಳು ಇವೇ. ನಂತರದ ಹಂತಗಳಲ್ಲಿ ರಕ್ತ ಜಿನುಗುವುದು, ಕೊಬ್ಬಿನಂಶ ಶೇಖರವಾಗುವುದು, ರಕ್ತ ಸಂಚಾರವಿಲ್ಲದ ಭಾಗಗಳು ಮೂಡುವುದು, ಕೊನೆಗೆ ದುರ್ಬಲವಾದ ಹೊಸ ರಕ್ತನಾಳಗಳು ಬೆಳೆದು ಒಡೆಯುವುದು ನಡೆಯುತ್ತದೆ. ರೆಟಿನೋಪತಿ ಎಂದು ಕರೆಯುವ ಈ ಸರಣಿಯ ಬಹುಪಾಲು ಸಾಗುವವರೆಗೂ ನೋವಾಗಲಿ ದೃಷ್ಟಿದೋಷವಾಗಲಿ ಇರುವುದಿಲ್ಲವಾದ್ದರಿಂದ, ಮಗುವಿಗೆ ಚೆನ್ನಾಗಿ ಕಾಣುತ್ತಿದೆ ಎಂಬ ಕಾರಣಕ್ಕೆ ರೆಟಿನಾ ಆರೋಗ್ಯವಾಗಿದೆ ಎಂದು ತಿಳಿಯಲಾಗದು.

ಇಷ್ಟು ಓದಿ ಗಾಬರಿಯಾಗುವ ಅಗತ್ಯವಿಲ್ಲ. ದೃಷ್ಟಿಗೇ ಅಪಾಯ ತರುವ ಹಂತ ಬಾಲ್ಯದಲ್ಲಿ ಬಹಳ ಅಪರೂಪ, ಮತ್ತು ಪ್ರೌಢಾವಸ್ಥೆಗೆ ಮುನ್ನ ಆರಂಭದ ಚುಕ್ಕೆಗಳೂ ವಿರಳ. ಆದರೆ ನಿಮ್ಮ ಮಗಳು ಈಗ ಆ ಹೊಸ್ತಿಲಿನಲ್ಲಿದ್ದಾಳೆ. ಈ ವಯಸ್ಸಿನಲ್ಲಿ ಏರುವ ಬೆಳವಣಿಗೆಯ ಹಾರ್ಮೋನು ಮತ್ತು ಲೈಂಗಿಕ ಹಾರ್ಮೋನುಗಳು ಇನ್ಸುಲಿನ್‌ನ ಪರಿಣಾಮವನ್ನು ಕುಗ್ಗಿಸುವುದರಿಂದ, ನಿನ್ನೆಯವರೆಗೆ ಸಾಕಾಗುತ್ತಿದ್ದ ಪ್ರಮಾಣ ಇಂದು ಸಾಲದೆ ಹೋಗುತ್ತದೆ. ಸಣ್ಣ ರಕ್ತನಾಳಗಳೂ ಈ ಕಾಲದಲ್ಲಿ ಹೆಚ್ಚು ಸುಲಭವಾಗಿ ಹಾನಿಗೊಳಗಾಗುತ್ತವೆ. ಮಕ್ಕಳ ಮಧುಮೇಹದ ಅಂತರರಾಷ್ಟ್ರೀಯ ಸಂಘ ಇಸ್ಪ್ಯಾಡ್, ಟೈಪ್ 1 ಇರುವ ಮಕ್ಕಳಿಗೆ ಕಾಯಿಲೆ ಬಂದು ಎರಡರಿಂದ ಐದು ವರ್ಷ ಕಳೆದಿದ್ದರೆ 11ನೆಯ ವಯಸ್ಸಿನಿಂದ ಅಥವಾ ಪ್ರೌಢಾವಸ್ಥೆ ಆರಂಭವಾದಾಗಿನಿಂದ ರೆಟಿನಾ ತಪಾಸಣೆ ಶುರುವಾಗಬೇಕು ಎನ್ನುವುದು ಇದೇ ಕಾರಣಕ್ಕೆ. 12 ವರ್ಷ ವಯಸ್ಸು, ಐದು ವರ್ಷದ ಕಾಯಿಲೆ: ನಿಮ್ಮ ಮಗಳು ಈ ಎರಡು ಅಳತೆಗಳ ಪ್ರಕಾರವೂ ಪರೀಕ್ಷೆಗೆ ಬರಬೇಕಾದವಳೇ. ಟೈಪ್ 2 ಮಧುಮೇಹ ಬಂದ ಮಕ್ಕಳಿಗೆ ಈ ಕಾಯುವಿಕೆಯೂ ಇಲ್ಲ. ಕಾಯಿಲೆ ಪತ್ತೆಯಾದ ಕೂಡಲೇ ಕಣ್ಣು ತೋರಿಸಬೇಕು, ಏಕೆಂದರೆ ಅದು ಯಾವಾಗ ಶುರುವಾಯಿತೆಂಬುದು ಯಾರಿಗೂ ತಿಳಿದಿರುವುದಿಲ್ಲ.

ಇನ್ನು ರಕ್ತದ ವಿಷಯ. ಕಣ್ಣಿನ ಭವಿಷ್ಯದ ಬಗ್ಗೆ ನಂಬಲರ್ಹವಾಗಿ ಮಾತಾಡುವ ಗುರುತು ಎಂದರೆ ಎಚ್‌ಬಿಎ1ಸಿ, ಅಂದರೆ ಜನ ಮೂರು ತಿಂಗಳ ಶುಗರ್ ಟೆಸ್ಟ್ ಎನ್ನುವ ಪರೀಕ್ಷೆ. ಇದಕ್ಕೆ ಬೆಂಬಲವಾಗಿ ನಿಂತಿರುವುದು ಅಮೆರಿಕ ಮತ್ತು ಕೆನಡಾದಲ್ಲಿ 1983ರಿಂದ 1993ರವರೆಗೆ 13ರಿಂದ 39 ವರ್ಷದ 1,441 ಮಂದಿ ಟೈಪ್ 1 ರೋಗಿಗಳ ಮೇಲೆ ನಡೆದ ಡಿಸಿಸಿಟಿ ಅಧ್ಯಯನ. ಎಚ್‌ಬಿಎ1ಸಿಯನ್ನು ಸುಮಾರು 7ರ ಆಸುಪಾಸಿನಲ್ಲಿ ಇಟ್ಟುಕೊಂಡ ಗುಂಪಿನಲ್ಲಿ, 9ರ ಸುತ್ತ ಇದ್ದ ಗುಂಪಿಗಿಂತ ಹೊಸದಾಗಿ ರೆಟಿನೋಪತಿ ಬರುವ ಅಪಾಯ ಶೇ 76ರಷ್ಟು ಕಡಿಮೆಯಾಯಿತು. ಆ ಅಧ್ಯಯನದಲ್ಲಿದ್ದ ಹದಿಹರೆಯದವರನ್ನು ಮಾತ್ರ ಪ್ರತ್ಯೇಕವಾಗಿ ನೋಡಿದಾಗಲೂ ಇಳಿಕೆ ಶೇ 53ರಷ್ಟಿತ್ತು. ಅಧ್ಯಯನ ಮುಗಿದ ಮೇಲೆ ಎರಡೂ ಗುಂಪುಗಳ ಸಕ್ಕರೆ ಮಟ್ಟ ಕ್ರಮೇಣ ಸಮೀಪಕ್ಕೆ ಬಂದರೂ, ಮೊದಲ ವರ್ಷಗಳಲ್ಲಿ ಚೆನ್ನಾಗಿ ನಿಭಾಯಿಸಿದವರ ಕಣ್ಣುಗಳು ಅನೇಕ ವರ್ಷಗಳವರೆಗೆ ಹೆಚ್ಚು ಸುರಕ್ಷಿತವಾಗಿ ಉಳಿದವು. ಹದಿಹರೆಯದ ನಾಲ್ಕೈದು ವರ್ಷ ಹೇಗೋ ಕಳೆಯಲಿ, ದೊಡ್ಡವಳಾದ ಮೇಲೆ ಸರಿಮಾಡಿಕೊಂಡರಾಯಿತು ಎನ್ನುವ ಪೋಷಕರಿಗೆ ನಾನು ಈ ಫಲಿತಾಂಶವನ್ನೇ ತೋರಿಸುವುದು. ಸಿಡ್ನಿಯಲ್ಲಿ ಮಕ್ಕಳ ಆಸ್ಪತ್ರೆಯೊಂದು ಹದಿಹರೆಯದ ಟೈಪ್ 1 ರೋಗಿಗಳ ಕಣ್ಣುಗಳನ್ನು ವರ್ಷಗಟ್ಟಲೆ ಚಿತ್ರ ತೆಗೆದು ನೋಡಿದಾಗ, 1990–94ರಲ್ಲಿ ಶೇ 53 ಇದ್ದ ರೆಟಿನೋಪತಿ 2005–09ರ ಹೊತ್ತಿಗೆ ಶೇ 12ಕ್ಕೆ ಇಳಿದಿತ್ತು. ಚಿಕಿತ್ಸೆಯ ಕ್ರಮ ಬದಲಾದರೆ ಎಷ್ಟು ವ್ಯತ್ಯಾಸವಾಗಬಹುದೆಂಬುದಕ್ಕೆ ಇದಕ್ಕಿಂತ ಸಮಾಧಾನಕರವಾದ ಅಂಕಿ ನನಗೆ ಗೊತ್ತಿಲ್ಲ.

ಈಗ ನಿಮ್ಮ ಮಗಳ 9.2ಕ್ಕೆ ಬರೋಣ. ಎಚ್‌ಬಿಎ1ಸಿ 9.2 ಎಂದರೆ ಸರಾಸರಿ ಸಕ್ಕರೆ ಸುಮಾರು 217 ಮಿಲಿಗ್ರಾಂ ಎಂದು ಲೆಕ್ಕ. ನೀವು ಮನೆಯಲ್ಲಿ ಕಾಣುತ್ತಿರುವುದು 160–170. ಈ ಎರಡು ಹೊಂದುತ್ತಿಲ್ಲ. ಹೊಂದದಿರಲು ಎರಡು ಕಾರಣಗಳಿರಬಹುದು, ಎರಡೂ ಒಟ್ಟಿಗೆ ಇರಬಹುದು.

ಮೊದಲನೆಯದು ರಕ್ತಹೀನತೆ. ಎಚ್‌ಬಿಎ1ಸಿ ಅಳೆಯುವುದು ಕೆಂಪು ರಕ್ತಕಣದೊಳಗಿನ ಹಿಮೋಗ್ಲೋಬಿನ್‌ಗೆ ಎಷ್ಟು ಸಕ್ಕರೆ ಅಂಟಿಕೊಂಡಿದೆ ಎಂಬುದನ್ನು. ಕಣದ ಆಯುಷ್ಯ ಸುಮಾರು 120 ದಿನ; ಅದು ರಕ್ತದಲ್ಲಿ ಹೆಚ್ಚು ಕಾಲ ಸುತ್ತಿದಷ್ಟೂ ಹೆಚ್ಚು ಸಕ್ಕರೆ ಅಂಟುತ್ತದೆ. ಕಬ್ಬಿಣದ ಕೊರತೆಯಿಂದ ಹೊಸ ಕಣಗಳ ಉತ್ಪಾದನೆ ಕುಂಠಿತವಾದಾಗ ಹಳೆಯ ಕಣಗಳ ಪಾಲು ಹೆಚ್ಚುವುದರಿಂದ, ಸಕ್ಕರೆ ಏರದಿದ್ದರೂ ವರದಿಯ ಅಂಕಿ ಏರಿ ಕಾಣುತ್ತದೆ. ಇದಕ್ಕೆ ತದ್ವಿರುದ್ಧವಾಗಿ, ಕಣಗಳು ಬೇಗ ಒಡೆಯುವ ಕಾಯಿಲೆಗಳಲ್ಲಿ, ಇತ್ತೀಚೆಗೆ ಮಗುವಿಗೆ ರಕ್ತ ಏರಿಸಿದ್ದರೆ, ಅಥವಾ ಕಬ್ಬಿಣದ ಚಿಕಿತ್ಸೆಯಿಂದ ಹೊಸ ಕಣಗಳು ಒಮ್ಮೆಲೇ ಹುಟ್ಟುತ್ತಿರುವಾಗ ಅಂಕಿ ಇರಬೇಕಾದ್ದಕ್ಕಿಂತ ಕಡಿಮೆ ಬರುತ್ತದೆ. ಕುಟುಂಬದಲ್ಲಿ ಥಲಸ್ಸೇಮಿಯಾ ಅಥವಾ ಕುಡಗೋಲು ಕಣದ ಕಾಯಿಲೆ (ಸಿಕಲ್ ಸೆಲ್) ಇದ್ದರೆ ಅದನ್ನು ವೈದ್ಯರಿಗೆ ತಪ್ಪದೆ ಹೇಳಬೇಕು. ಚಾಮರಾಜನಗರ, ಮೈಸೂರು, ಕೊಡಗಿನ ಬುಡಕಟ್ಟು ಸಮುದಾಯಗಳ ಮಕ್ಕಳಲ್ಲಿ ಈ ಪ್ರಶ್ನೆಯನ್ನು ನಾವೇ ಕೇಳಿ ತಿಳಿದುಕೊಳ್ಳಬೇಕು. ಪಾಶ್ಚಾತ್ಯ ದೇಶಗಳ ಮಾರ್ಗಸೂಚಿಗಳಲ್ಲಿ ರಕ್ತಹೀನತೆಗೆ ಒಂದು ಸಾಲು ಸಿಕ್ಕರೆ ಹೆಚ್ಚು. ನಮ್ಮಲ್ಲಿ ಅದು ಸಾಲದು: ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇ 59ರಷ್ಟು ಮಂದಿಗೆ ರಕ್ತಹೀನತೆಯಿದೆ.

12 ವರ್ಷದ ಹುಡುಗಿಗೆ ಹಿಮೋಗ್ಲೋಬಿನ್ 12 ಇರಬೇಕು, 9.1 ಎಂಬುದು ಮಧ್ಯಮ ಪ್ರಮಾಣದ ಕೊರತೆ. ಶಾಲೆಯಲ್ಲಿ ವಾರಕ್ಕೊಂದು ಕೊಡುವ ನೀಲಿ ಬಣ್ಣದ ಕಬ್ಬಿಣದ ಮಾತ್ರೆ ಕೊರತೆಯನ್ನು ತಡೆಯಲು ಇರುವುದು, ಇಷ್ಟು ಇಳಿದುಹೋದ ಮೇಲೆ ಅದೊಂದೇ ಸಾಕಾಗುವುದಿಲ್ಲ. ದೇಹದಲ್ಲಿ ಕಬ್ಬಿಣದ ಸಂಗ್ರಹ ಎಷ್ಟಿದೆಯೆಂದು ತೋರಿಸುವ ಫೆರಿಟಿನ್ ಪರೀಕ್ಷೆ ಮಾಡಿಸಿ, ಕಬ್ಬಿಣದ ಕೊರತೆಯೇ ಎಂದು ಖಚಿತವಾದರೆ ಪೂರ್ಣ ಚಿಕಿತ್ಸೆ ಕೊಡಿಸಬೇಕು. ಇದರ ಜೊತೆಗೆ ಟಿಟಿಜಿ ಎಂಬ ರಕ್ತ ಪರೀಕ್ಷೆಯನ್ನೂ ಕೇಳಿ ಮಾಡಿಸಿ. ಟೈಪ್ 1 ಮಧುಮೇಹವಿರುವ ಮಕ್ಕಳಲ್ಲಿ ಸೀಲಿಯಾಕ್ ಕಾಯಿಲೆ, ಅಂದರೆ ಗೋಧಿಯಲ್ಲಿರುವ ಗ್ಲುಟೆನ್ ಕರುಳಿಗೆ ಒಗ್ಗದೆ ಹಾನಿ ಮಾಡುವ ಕಾಯಿಲೆ, ಇತರ ಮಕ್ಕಳಿಗಿಂತ ಹೆಚ್ಚು. ಅದು ಕಬ್ಬಿಣವನ್ನು ದೇಹಕ್ಕೆ ಸೇರಗೊಡದೆ, ಹೊಟ್ಟೆನೋವು ಭೇದಿಗಳಿಲ್ಲದೆ ಬರೀ ರಕ್ತಹೀನತೆಯಾಗಿಯೇ ಕಾಣಿಸಿಕೊಳ್ಳಬಹುದು. ಮಧುಮೇಹವೆಂದು ಅನ್ನ ಬಿಡಿಸಿ ಮೂರು ಹೊತ್ತೂ ಚಪಾತಿ ಕೊಡುವ ಮನೆಗಳಲ್ಲಿ ಈ ಸಾಧ್ಯತೆಯನ್ನು ನಾನು ವಿಶೇಷವಾಗಿ ಗಮನಿಸುತ್ತೇನೆ. ರಾಗಿ, ಜೋಳ, ಅಕ್ಕಿಯಲ್ಲಿ ಗ್ಲುಟೆನ್ ಇಲ್ಲ. ಆದರೆ ಪರೀಕ್ಷೆಗೆ ಮುನ್ನವೇ ಗೋಧಿ ನಿಲ್ಲಿಸಿದರೆ ಫಲಿತಾಂಶ ತಪ್ಪು ಬರಬಹುದಾದ್ದರಿಂದ ಊಟವನ್ನು ಈಗಲೇ ಬದಲಿಸಬೇಡಿ.

ಎರಡನೆಯ ಕಾರಣ, ನೀವು ಸಕ್ಕರೆ ನೋಡುತ್ತಿರುವ ಹೊತ್ತು. ಹೆಚ್ಚಿನ ಮನೆಗಳಲ್ಲಿ ಗ್ಲುಕೋಮೀಟರ್ ಹೊರಗೆ ಬರುವುದು ಇನ್ಸುಲಿನ್ ಕೊಡುವ ಮುಂಚೆ, ಅಂದರೆ ಊಟಕ್ಕೆ ಮೊದಲು. ತಿಂದ ಎರಡು ಗಂಟೆಯ ಮೇಲೆ, ಸಂಜೆ ಶಾಲೆಯಿಂದ ಬಂದು ಏನಾದರೂ ಕುರುಕಿದ ಮೇಲೆ, ರಾತ್ರಿ ಎರಡು-ಮೂರು ಗಂಟೆಗೆ ಸಕ್ಕರೆ ಎಲ್ಲಿರುತ್ತದೆಂಬುದು ಮೀಟರಿನ ಅಂಕಿ ಬರೆದಿಡುವ ಪುಸ್ತಕದಲ್ಲಿ ಬರುವುದೇ ಇಲ್ಲ. ಆದ್ದರಿಂದ ರಕ್ತಹೀನತೆಯ ಮೇಲೆ ಭಾರ ಹಾಕಿ 9.2ನ್ನು ಸುಳ್ಳೆಂದು ತಳ್ಳಿಹಾಕುವುದೂ ಸರಿಯಲ್ಲ. ತೋಳಿಗೆ ಅಂಟಿಸುವ, ಹಗಲಿರುಳೂ ಸಕ್ಕರೆ ಅಳೆಯುತ್ತಿರುವ ಸಿಜಿಎಂ ಸೆನ್ಸರ್ ಒಂದನ್ನು ಎರಡು ವಾರ ಹಾಕಿಸಿದರೆ ವಿಷಯ ಇತ್ಯರ್ಥವಾಗುತ್ತದೆ: ಸಕ್ಕರೆ 70ರಿಂದ 180ರ ನಡುವೆ ಶೇ 70ಕ್ಕಿಂತ ಹೆಚ್ಚು ಸಮಯ ಇರಬೇಕು, 70ಕ್ಕಿಂತ ಕೆಳಗೆ ಶೇ 4ಕ್ಕಿಂತ ಕಡಿಮೆ ಸಮಯ ಇರಬೇಕು ಎಂಬುದು ಗುರಿ. ಸೆನ್ಸರಿನ ಖರ್ಚು ಕಷ್ಟವಾದರೆ, ಒಂದು ವಾರ ಪ್ರತಿ ಊಟದ ಮುಂಚೆ ಮತ್ತು ನಂತರ, ಹಾಗೂ ಎರಡು ದಿನ ನಡುರಾತ್ರಿ ಮೀಟರಿನಲ್ಲಿ ನೋಡಿ ಬರೆದಿಟ್ಟರೂ ಚಿತ್ರ ಸಾಕಷ್ಟು ಸ್ಪಷ್ಟವಾಗುತ್ತದೆ. ಹಿಂದಿನ ಎರಡು-ಮೂರು ವಾರದ ಸ್ಥಿತಿ ತೋರಿಸುವ ಫ್ರಕ್ಟೋಸಮೈನ್ ಪರೀಕ್ಷೆ ಹಿಮೋಗ್ಲೋಬಿನ್‌ನ ಮೇಲೆ ಅವಲಂಬಿಸಿಲ್ಲವಾದ್ದರಿಂದ ಇಂಥ ಸಂದರ್ಭದಲ್ಲಿ ಅದೂ ನೆರವಾಗುತ್ತದೆ. ಕಬ್ಬಿಣ ಶುರುಮಾಡಿದ ಮೇಲೆ ಬರುವ ಮುಂದಿನ ಎಚ್‌ಬಿಎ1ಸಿ ಇಳಿದಿದ್ದರೆ ಅದರಲ್ಲಿ ಸಕ್ಕರೆಯ ಪಾಲೆಷ್ಟು, ಕಬ್ಬಿಣದ ಪಾಲೆಷ್ಟು ಎಂದು ಮೀಟರಿನ ಪುಸ್ತಕವನ್ನು ಪಕ್ಕದಲ್ಲಿಟ್ಟುಕೊಂಡೇ ಓದಬೇಕು.

ಇತರ ಪರೀಕ್ಷೆಗಳಲ್ಲಿ, ಕಣ್ಣಿನ ಬಗ್ಗೆ ಸುಳಿವು ಕೊಡುವುದರಲ್ಲಿ ನಾನು ಹೆಚ್ಚು ಬೆಲೆ ಕೊಡುವುದು ರಕ್ತದ್ದಲ್ಲ, ಮೂತ್ರದ ಪರೀಕ್ಷೆಗೆ. ಮೂತ್ರಪಿಂಡದ ಸಣ್ಣ ರಕ್ತನಾಳಗಳೂ ರೆಟಿನಾದವೂ ಅನೇಕ ಬಾರಿ ಜೊತೆಯಲ್ಲೇ ಹಾಳಾಗುತ್ತವೆ. ಬೆಳಗಿನ ಮೊದಲ ಮೂತ್ರದಲ್ಲಿ, ಪ್ರೊಟೀನು ಎಷ್ಟು ಸೋರುತ್ತಿದೆಯೆಂದು ತೋರಿಸುವ ಅಲ್ಬುಮಿನ್–ಕ್ರಿಯಾಟಿನಿನ್ ಅನುಪಾತ 30 ದಾಟಿದ್ದರೆ, ಅದೂ ಜ್ವರ, ಮುಟ್ಟು, ಹಿಂದಿನ ದಿನದ ಆಟೋಟದ ಪ್ರಭಾವವಿಲ್ಲದೆ ಮೂರರಲ್ಲಿ ಎರಡು ಸಲ ಹಾಗೆಯೇ ಬಂದರೆ, ಕಣ್ಣಿನ ಬಗ್ಗೆಯೂ ಎಚ್ಚರ ಹೆಚ್ಚಬೇಕು. ವರ್ಷಕ್ಕೊಮ್ಮೆ ಇದನ್ನು ಮಾಡಿಸಿ. ರಕ್ತದೊತ್ತಡವನ್ನು ತೋಳಿಗೆ ಸುತ್ತುವ ಮಕ್ಕಳ ಅಳತೆಯ ಪಟ್ಟಿಯಿಂದ ಪ್ರತಿ ಭೇಟಿಯಲ್ಲೂ ನೋಡಬೇಕು. ಕೊಲೆಸ್ಟರಾಲ್‌ನಲ್ಲಿ ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟರಾಲ್ 100ಕ್ಕಿಂತ ಕೆಳಗಿರಬೇಕು. ಟ್ರೈಗ್ಲಿಸರೈಡ್ ಎಂಬ ರಕ್ತದ ಕೊಬ್ಬು ಏರಿದ್ದರೆ ಅದು ಬಹುಪಾಲು ಸಕ್ಕರೆ ಏರಿದ್ದರ ಪ್ರತಿಬಿಂಬವಾಗಿದ್ದು, ಸಕ್ಕರೆ ತಹಬಂದಿಗೆ ಬಂದ ಮೇಲೆ ಮತ್ತೆ ನೋಡಿ ತೀರ್ಮಾನಿಸಬೇಕು. ಥೈರಾಯ್ಡ್ ಪರೀಕ್ಷೆ ಈ ಮಕ್ಕಳಿಗೆ ಹೇಗಿದ್ದರೂ ಬೇಕು.

ನೀವು ಓದಿರುವ ಸಿಆರ್‌ಪಿ, ವಿಇಜಿಎಫ್ ಮುಂತಾದ ಗುರುತುಗಳು ಸುಳ್ಳಲ್ಲ. ರೆಟಿನೋಪತಿ ಇರುವವರ ಮತ್ತು ಇಲ್ಲದವರ ಗುಂಪುಗಳನ್ನು ಹೋಲಿಸಿದಾಗ ಸಿಆರ್‌ಪಿಯಂಥ ಉರಿಯೂತದ ಪ್ರೊಟೀನುಗಳು, ರಕ್ತನಾಳದ ಒಳಪದರ ಹಾನಿಗೊಂಡಾಗ ಹೊರಬೀಳುವ ಅಂಶಗಳು, ಹೋಮೋಸಿಸ್ಟೀನ್ ಮುಂತಾದವುಗಳ ಸರಾಸರಿಯಲ್ಲಿ ವ್ಯತ್ಯಾಸ ಕಂಡ ಸಂಶೋಧನೆಗಳಿವೆ, ಮತ್ತು ಕಾಯಿಲೆ ಹೇಗೆ ಹುಟ್ಟುತ್ತದೆಂದು ಅರಿಯಲು ಅವು ಬೇಕು. ಆದರೆ ಎರಡು ಗುಂಪುಗಳ ಸರಾಸರಿ ಬೇರೆಯಾಗಿದ್ದರೂ ಅವುಗಳೊಳಗಿನ ಮಕ್ಕಳ ಅಂಕಿಗಳು ಒಂದರ ಮೇಲೊಂದು ಹರಡಿಕೊಂಡಿರುತ್ತವೆ. ಒಂದು ಮಗುವಿನ ಒಂದು ಅಂಕಿಯನ್ನು ಹಿಡಿದು ಇದು ಈ ಗುಂಪಿನದು ಎನ್ನಲು ಬರುವುದಿಲ್ಲ. ಸಿಆರ್‌ಪಿ ಒಂದು ನೆಗಡಿಗೆ, ಹಲ್ಲಿನ ಸೋಂಕಿಗೆ, ಮೈ ಬೊಜ್ಜಿಗೂ ಏರುತ್ತದೆ. ವಿಇಜಿಎಫ್ ರೆಟಿನಾದಲ್ಲಿ ಹೊಸ ರಕ್ತನಾಳ ಬೆಳೆಸುವ ಅಂಶವೇ ಹೌದು, ದೊಡ್ಡವರ ಕಣ್ಣಿಗೆ ಕೊಡುವ ಇಂಜೆಕ್ಷನ್‌ಗಳು ತಡೆಯುವುದು ಅದನ್ನೇ. ಆದರೆ ಅದು ಕೆಲಸ ಮಾಡುವುದು ಕಣ್ಣಿನೊಳಗೆ. ತೋಳಿನಿಂದ ತೆಗೆದ ರಕ್ತ ಟ್ಯೂಬಿನಲ್ಲಿ ಹೆಪ್ಪುಗಟ್ಟುವಾಗ ಪ್ಲೇಟ್‌ಲೆಟ್‌ಗಳೇ ವಿಇಜಿಎಫ್ ಬಿಡುಗಡೆ ಮಾಡುವುದರಿಂದ, ಮಾದರಿಯನ್ನು ಹೇಗೆ ಸಂಗ್ರಹಿಸಿದರೆಂಬುದರ ಮೇಲೆಯೇ ಅಂಕಿ ಬದಲಾಗುತ್ತದೆ. ಮಕ್ಕಳಿಗೆ ಇಂತಿಷ್ಟಿದ್ದರೆ ಸರಿ ಎಂಬ ಒಪ್ಪಿತ ಮಿತಿಯೂ ಇಲ್ಲ. ಕಡೆಯದಾಗಿ, ಅಂಕಿ ಏರಿದೆ ಎಂದೇ ಇಟ್ಟುಕೊಳ್ಳೋಣ: ಆಗಲೂ ವೈದ್ಯರು ಹೇಳುವುದು ಸಕ್ಕರೆ ಸರಿಪಡಿಸಿ, ರೆಟಿನಾ ನೋಡಿಸಿ ಎಂದೇ. ಇಳಿದಿದ್ದರೂ ಹೇಳುವುದು ಅದನ್ನೇ. ಯಾವ ಫಲಿತಾಂಶ ಬಂದರೂ ಮುಂದಿನ ಹೆಜ್ಜೆ ಬದಲಾಗದ ಪರೀಕ್ಷೆಗೆ ಹಣ ಕೊಡುವುದು ನನ್ನ ದೃಷ್ಟಿಯಲ್ಲಿ ವ್ಯರ್ಥ. ಆ ಹಣದಲ್ಲಿ ಗ್ಲುಕೋಮೀಟರಿನ ಸ್ಟ್ರಿಪ್ ಕೊಳ್ಳಿ.

ಮಸುಕಿನ ಬಗ್ಗೆ. ರೆಟಿನೋಪತಿಯ ಆರಂಭ ಮಸುಕು ತರುವುದಿಲ್ಲ ಎಂದೆ, ಹಾಗಾದರೆ ಇದೇನು? ಈ ವಯಸ್ಸಿನಲ್ಲಿ ಬಹಳ ಸಾಮಾನ್ಯವಾದದ್ದು ಸಮೀಪದೃಷ್ಟಿ, ಮಧುಮೇಹಕ್ಕೆ ಸಂಬಂಧವಿಲ್ಲದ್ದು, ಕನ್ನಡಕದಿಂದ ಸರಿಯಾಗುವಂಥದ್ದು. ಇನ್ನೊಂದು, ಸಕ್ಕರೆ ಬಹಳ ಏರಿಳಿದಾಗ ಕಣ್ಣಿನ ಮಸೂರದಲ್ಲಿ ನೀರಿನಂಶ ಬದಲಾಗಿ ಪವರ್ ಹೆಚ್ಚುಕಡಿಮೆಯಾಗುವುದು. ಇನ್ಸುಲಿನ್ ಪ್ರಮಾಣವನ್ನು ಈಗಷ್ಟೇ ಬದಲಿಸಿದ್ದರೆ ಕೆಲವು ವಾರ ಸಕ್ಕರೆ ಸ್ಥಿರವಾಗಿರಲಿ, ಆಮೇಲೆ ಕನ್ನಡಕದ ನಂಬರ್ ತೆಗೆಸಿ; ಇಲ್ಲದಿದ್ದರೆ ತಿಂಗಳಿಗೊಂದು ಕನ್ನಡಕವಾದೀತು. ಮೂರನೆಯದು ಅಪರೂಪದ್ದಾದರೂ ಬಿಡುವಂತಿಲ್ಲ: ಟೈಪ್ 1 ಇರುವ ಮಕ್ಕಳಲ್ಲಿ ಕೆಲವರಿಗೆ ಚಿಕ್ಕ ವಯಸ್ಸಿನಲ್ಲೇ, ಕೆಲವೊಮ್ಮೆ ಕಾಯಿಲೆ ಪತ್ತೆಯಾಗುವ ಹೊತ್ತಿಗೇ, ಕಣ್ಣಿನ ಪೊರೆ ಬರುತ್ತದೆ. ಈ ಮೂರರಲ್ಲಿ ಯಾವುದೆಂದು ರಕ್ತ ಹೇಳದು, ಹನಿ ಹಾಕಿ ನೋಡಿದರೆ ಒಂದೇ ಭೇಟಿಯಲ್ಲಿ ತಿಳಿಯುತ್ತದೆ. ಹನಿ ಇಲ್ಲದೆ ಚಿತ್ರ ತೆಗೆಯುವ ಕ್ಯಾಮೆರಾಗಳು ಕೆಲವೆಡೆ ಇವೆ, ತೊಂದರೆಯೇನೂ ಇಲ್ಲದ ಮಗುವಿನ ಮಾಮೂಲಿ ತಪಾಸಣೆಗೆ ಅವು ನಡೆಯುತ್ತವೆ. ಮಸುಕು ಎನ್ನುತ್ತಿರುವ ಮಗುವಿಗೆ ಹನಿಯ ಪರೀಕ್ಷೆಯೇ ಬೇಕು.

ಹನಿಯ ಭಯಕ್ಕೆ ಒಂದು ಉಪಾಯವಿದೆ. ಮಗು ಮಲಗಿ ಕಣ್ಣು ಮುಚ್ಚಿಕೊಂಡಿರಲಿ; ಮೂಗಿನ ಪಕ್ಕದ ಮೂಲೆಯಲ್ಲಿ ಹನಿ ಬಿಟ್ಟು, ಆಮೇಲೆ ಕಣ್ಣು ತೆರೆಯಲು ಹೇಳಿದರೆ ಔಷಧಿ ತಾನಾಗಿ ಒಳಗಿಳಿಯುತ್ತದೆ. ಮೊದಲು ಮರಗಟ್ಟಿಸುವ ಹನಿ ಹಾಕಿದರೆ ಉರಿಯೂ ಕಡಿಮೆ. ಹತ್ತಿರದ್ದು ಓದಲು ಕೆಲವು ಗಂಟೆ ಕಷ್ಟ, ಬಿಸಿಲು ಕಣ್ಣು ಕುಕ್ಕುತ್ತದೆ, ಹಾಗಾಗಿ ಶಾಲೆಯ ಪರೀಕ್ಷೆಯ ಹಿಂದಿನ ದಿನ ಬೇಡ, ಟೋಪಿಯಿರಲಿ. ನೇತ್ರ ವಿಭಾಗಗಳಲ್ಲಿ ಕಾಯುವುದು ಊಟದ ಹೊತ್ತನ್ನು ದಾಟಿಬಿಡುವುದುಂಟು. ಇನ್ಸುಲಿನ್ ಕೊಟ್ಟು ಊಟವಿಲ್ಲದೆ ಕೂತರೆ ಸಕ್ಕರೆ ಇಳಿಯುತ್ತದೆ, ಆದ್ದರಿಂದ ಬುತ್ತಿ, ಮೀಟರು, ಗ್ಲುಕೋಸ್ ಪುಡಿ ಚೀಲದಲ್ಲಿರಬೇಕು. ಹಾಸನದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯ ನೇತ್ರ ವಿಭಾಗದಲ್ಲೇ ಇದನ್ನು ವಿಚಾರಿಸಬಹುದು. ಮುಂದಿನ ಹಂತದ ಚಿಕಿತ್ಸೆ ಬೇಕಾದವರನ್ನು ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆಯಂಥ ಕಡೆಗೆ ಕಳಿಸುತ್ತಾರೆ.

ಕಣ್ಣಿನ ಪರೀಕ್ಷೆಯನ್ನು ಈ ತಿಂಗಳೇ ಮಾಡಿಸಿ ಎಂದು ನಾನು ಒತ್ತಿ ಹೇಳಲು ಇನ್ನೊಂದು ಕಾರಣವೂ ಇದೆ. ಸಕ್ಕರೆ ಬಹುಕಾಲ ಏರಿದ್ದ ಮಕ್ಕಳಲ್ಲಿ ಅದನ್ನು ರಭಸದಿಂದ ಇಳಿಸಿದಾಗ, ರೆಟಿನೋಪತಿ ಮೊದಲೇ ಇದ್ದರೆ, ಮೊದಲ ಕೆಲವು ತಿಂಗಳಲ್ಲಿ ಅದು ತಾತ್ಕಾಲಿಕವಾಗಿ ಉಲ್ಬಣಿಸಬಹುದು. ಡಿಸಿಸಿಟಿಯಲ್ಲೂ ಇದು ಕಂಡಿತ್ತು, ನಂತರದ ವರ್ಷಗಳ ಲಾಭ ಅದಕ್ಕಿಂತ ಬಹಳ ದೊಡ್ಡದಾಗಿತ್ತು. ಇನ್ಸುಲಿನ್ ಹೆಚ್ಚಿಸುವುದಕ್ಕೆ ಹಿಂಜರಿಯಬೇಕಿಲ್ಲ, ಇಳಿಸಲು ಹೊರಡುವ ಮುನ್ನ ಕಣ್ಣು ಹೇಗಿದೆಯೆಂದು ನೋಡಿ ಬರೆದಿಟ್ಟಿರಬೇಕು, ಅಷ್ಟೇ. ಪರೀಕ್ಷೆಯಲ್ಲಿ ನಾಲ್ಕಾರು ಕೆಂಪು ಚುಕ್ಕೆ ಕಂಡರೆ ಲೇಸರ್ ಬೇಕಾಗುವುದಿಲ್ಲ. ಸಕ್ಕರೆ ಸುಧಾರಿಸಿದಂತೆ ಅವು ಮಾಯವಾಗುವುದೂ ಉಂಟು, ನೇತ್ರ ವೈದ್ಯರು ಹೇಳಿದ ಅವಧಿಗೆ ಮತ್ತೆ ತೋರಿಸಬೇಕು. ಏನೂ ಕಾಣದಿದ್ದರೆ ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಸಾಕು, ಆದರೆ ಎಚ್‌ಬಿಎ1ಸಿ 8ಕ್ಕಿಂತ ಮೇಲೆಯೇ ಉಳಿದರೆ ವರ್ಷಕ್ಕೊಮ್ಮೆ ನೋಡಿಸುವುದು ಒಳ್ಳೆಯದು.